ಹಳೆಯ ರೋಡ್ ಸೈಕಲ್‌ಗೆ ಒಂದಕ್ಕಿಂತ ಹೆಚ್ಚು ಅನುಪಾತದ ಫಿಕ್ಸೆಡ್ ಗೇರ್: ಅಳತೆಯಿಂದ ಮೊದಲ ಸವಾರಿವರೆಗೆ

ಹಳೆಯ ಸ್ಟೀಲ್ ರೋಡ್ ಸೈಕಲ್ಲನ್ನು ಫಿಕ್ಸೆಡ್ ಗೇರ್ ಮಾಡಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಚಂದದ ಹಬ್ (ಚಕ್ರದ ನಡುಭಾಗ) ಕೊಳ್ಳುತ್ತಾರೆ, ಆಮೇಲೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಎಲ್ಲಕ್ಕಿಂತ ಕೊನೆಗೆ ಅಳತೆ ಪಟ್ಟಿ ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಹಬ್ ಫ್ರೇಮಿನಲ್ಲಿ ಕೂರುವುದಿಲ್ಲ, ಚೈನು ಓರೆಯಾಗಿ ಓಡುತ್ತದೆ, ಎರಡನೇ ಗೇರಿಗೆ ಹಾಕಿದರೆ ಆಕ್ಸಲ್ (ಚಕ್ರದ ಅಚ್ಚು) ಫ್ರೇಮಿನ ಕಚ್ಚಿನಿಂದ ಆಚೆ ಬರುತ್ತದೆ.

ಒಂದೇ ಗೇರ್ ಸಾಕು ಅನ್ನುವವರಿಗೆ ಈ ತಪ್ಪು ಹೇಗೋ ನಡೆದುಹೋಗುತ್ತದೆ. ಎರಡು ಮೂರು ಅನುಪಾತ ಬೇಕು ಅಂದರೆ ನಡೆಯುವುದಿಲ್ಲ. ಇಲ್ಲಿ ಕ್ರಮವೇ ಮುಖ್ಯ: ಫ್ರೇಮಿನ ಅಳತೆ, ಹಲ್ಲಿನ ಲೆಕ್ಕ, ಚಕ್ರ, ಚೈನ್‌ಲೈನ್ (ಚೈನ್ ಓಡುವ ಗೆರೆ), ಚೈನಿನ ಉದ್ದ, ಬ್ರೇಕ್. ಮೊದಲ ಎರಡು ಹಂತ ಮುಗಿಯುವವರೆಗೆ ಒಂದು ಬೋಲ್ಟನ್ನೂ ಕೊಳ್ಳಬೇಡಿ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಫಿಕ್ಸೆಡ್ ಗೇರ್‌ನಲ್ಲಿ ಫ್ರೀವೀಲ್, ಅಂದರೆ ಪೆಡಲ್ ನಿಂತರೂ ಚಕ್ರ ಓಡಲು ಬಿಡುವ ಭಾಗ, ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಕಾಲಿನಿಂದ ಹಿಂದಕ್ಕೆ ಒತ್ತಿದಾಗ ಚೈನಿನ ಕೆಳಗಿನ ಭಾಗ ಬಿಗಿಯಾಗುತ್ತದೆ. ಹಾಗಾಗಿ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) ಆಗಲಿ, ಸ್ಪ್ರಿಂಗ್ ಇರುವ ಟೆನ್ಷನರ್ (ಚೈನ್ ಬಿಗಿ ಇಡುವ ಭಾಗ) ಆಗಲಿ ಬಳಸುವಂತಿಲ್ಲ. ಬಳಸಿದರೆ ಮೊದಲ ಸಲ ಹಿಂದಕ್ಕೆ ಒತ್ತಿದಾಗಲೇ ಅದು ಬಾಗುತ್ತದೆ ಅಥವಾ ಮುರಿಯುತ್ತದೆ. ಗೇರ್ ಬದಲಿಸುವುದು ಅಂದರೆ ಸೈಕಲ್ ನಿಲ್ಲಿಸಿ ಚೈನನ್ನು ಕೈಯಿಂದ ಬದಲಿಸುವುದು, ಇಲ್ಲವೇ ಗೇರ್ ಒಳಗೇ ಇರುವ ಹಬ್ ಹಾಕುವುದು.

1. ಫ್ರೇಮ್ ಈ ಕೆಲಸಕ್ಕೆ ಬರುತ್ತದೆಯೇ?

ಹಿಂದಿನ ಆಕ್ಸಲ್ ಕೂರುವ ಕಚ್ಚನ್ನು, ಅಂದರೆ ಡ್ರಾಪೌಟ್ ಅನ್ನು ಮೊದಲು ನೋಡಿ. 1970 ಮತ್ತು 80ರ ದಶಕದ ಹೆಚ್ಚಿನ ರೋಡ್ ಸೈಕಲ್‌ಗಳಲ್ಲಿ ಈ ಕಚ್ಚು ಮುಂದಕ್ಕೆ ಬಾಯಿ ತೆರೆದು, ಹೆಚ್ಚು ಕಡಿಮೆ ಅಡ್ಡವಾಗಿ ಇರುತ್ತದೆ. ಆಕ್ಸಲನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಬಹುದು. ನಮಗೆ ಬೇಕಿರುವುದು ಇದೇ. ಕಚ್ಚು ನೇರ ಕೆಳಕ್ಕೆ ಬಾಯಿ ತೆರೆದಿದ್ದರೆ ಚೈನ್ ಬಿಗಿ ಮಾಡಲು ಜಾಗವೇ ಇಲ್ಲ. ಅಂಥ ಫ್ರೇಮನ್ನು ಈ ಕೆಲಸಕ್ಕೆ ಎಳೆಯಬೇಡಿ, ಬೇರೆ ಫ್ರೇಮ್ ಹುಡುಕಿ.

ಕಚ್ಚು ಸರಿಯಿದ್ದರೆ ಅದರ ಉದ್ದ ಅಳೆಯಿರಿ. ಪೂರ್ತಿ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ಆಕ್ಸಲ್ ಸುಮಾರು 10 ಮಿ.ಮೀ. ದಪ್ಪ. ಅದು ಪೂರ್ತಿ ಒಳಗಿರಬೇಕು, ನಟ್ಟಿನ ಮುಖ ಲೋಹದ ಮೇಲೆ ಪೂರ್ತಿ ಕೂರಬೇಕು. ಇಷ್ಟನ್ನು ಕಳೆದು ಉಳಿಯುವ ಜಾಗವೇ ನಿಮ್ಮ ಓಡಾಟದ ಜಾಗ. ಅದನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಎರಡು ಡ್ರಾಪೌಟ್‌ಗಳ ಒಳಮುಖಗಳ ನಡುವಿನ ಅಗಲ. 5 ಗೇರಿನ ಹಳೆಯ ಫ್ರೇಮ್‌ಗಳಲ್ಲಿ ಇದು 120 ಮಿ.ಮೀ., 6 ಮತ್ತು 7 ಗೇರಿನವುಗಳಲ್ಲಿ 126, ಅದಕ್ಕಿಂತ ಈಚಿನವುಗಳಲ್ಲಿ 130. ಸಾಮಾನ್ಯ ಟ್ರ್ಯಾಕ್ ಹಬ್ (ಫಿಕ್ಸೆಡ್ ಗೇರಿಗೆಂದೇ ಮಾಡಿದ ಹಬ್) 120 ಮಿ.ಮೀ. ಇರುತ್ತದೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಪಟ್ಟಿಯಲ್ಲೇ ಎರಡು ಸಲ ಅಳೆಯಿರಿ.

ಫ್ರೇಮಿನ ಮೈಯನ್ನೂ ಬೆಳಕಿನಲ್ಲಿ ನೋಡಿ. ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಬೇರಿಂಗ್) ಕೂರುವ ಶೆಲ್ ಸುತ್ತ, ಚೈನ್‌ಸ್ಟೇ (ಅಲ್ಲಿಂದ ಹಿಂದಿನ ಆಕ್ಸಲಿಗೆ ಹೋಗುವ ಕೊಳವೆ) ಸೇರುವ ಜಾಗ, ಫೋರ್ಕಿನ ಕುತ್ತಿಗೆ. ಬಣ್ಣದಲ್ಲಿ ಕೂದಲೆಳೆಯಂಥ ಗೀರು ಕಂಡು ಅದರೊಳಗೆ ತುಕ್ಕು ಕಾಣಿಸಿದರೆ ಅದು ಬಿರುಕು ಇರಬಹುದು. ಫಿಕ್ಸೆಡ್ ಗೇರ್‌ನಲ್ಲಿ ಫ್ರೇಮಿಗೆ ಎರಡೂ ಕಡೆಯಿಂದ ಜಗ್ಗಾಟ ಬೀಳುತ್ತದೆ. ಬಿರುಕು ಬಿಟ್ಟ ಫ್ರೇಮಿನ ಮೇಲೆ ದಯವಿಟ್ಟು ಈ ಪ್ರಯೋಗ ಬೇಡ.

2. ಹಲ್ಲಿನ ಲೆಕ್ಕ

ಮುಂದಿನ ಚೈನ್‌ವೀಲಿನ (ಕ್ರ್ಯಾಂಕಿನ ಹಲ್ಲುಚಕ್ರ) ಹಲ್ಲನ್ನು ಹಿಂದಿನ ಕಾಗಿನ (ಹಬ್ಬಿನ ಹಲ್ಲುಚಕ್ರ) ಹಲ್ಲಿನಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. 42 ಮತ್ತು 16 ಅಂದರೆ 2.63. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಅಂದುಕೊಂಡರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ 5.5 ಮೀಟರ್ ಹೋಗುತ್ತದೆ. ಸಮತಟ್ಟು ರಸ್ತೆಗೆ ಇದು ಒಳ್ಳೆಯ ಗೇರ್. 42 ಮತ್ತು 18 ಅಂದರೆ 2.33, ಸುಮಾರು 4.9 ಮೀಟರ್. ಏರಿಗೆ ಇದು ಹಗುರ.

ಏರಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಇಳಿಜಾರಿನ ಲೆಕ್ಕ ಹಾಕುವವರು ಕಡಿಮೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ 42/16ರಲ್ಲಿ ಪೆಡಲ್ ಒಂದು ನಿಮಿಷಕ್ಕೆ ಸುಮಾರು 121 ಸುತ್ತು ತಿರುಗಬೇಕು. 42/18ರಲ್ಲಿ 136. 40/21ರಂಥ ಬೆಟ್ಟದ ಗೇರ್‌ನಲ್ಲಿ 167! ನಂದಿ ಬೆಟ್ಟ ಹತ್ತಲು ಆ ಸಣ್ಣ ಗೇರ್ ಹಿತವಾಗಿರುತ್ತದೆ. ಅದೇ ಗೇರ್‌ನಲ್ಲಿ ಇಳಿಯಲು ಹೊರಟರೆ ಕಾಲು ಪೆಡಲ್ ಬಿಟ್ಟು ಹಾರುತ್ತದೆ. ಒಂದಕ್ಕಿಂತ ಹೆಚ್ಚು ಅನುಪಾತ ಬೇಕು ಅನ್ನುವುದಕ್ಕೆ ನನ್ನ ಪ್ರಕಾರ ನಿಜವಾದ ಕಾರಣ ಇದೇ: ಹತ್ತಲು ಒಂದು, ಇಳಿಯಲು ಇನ್ನೊಂದು.

ಇನ್ನು ಆಕ್ಸಲ್ ಎಷ್ಟು ಸರಿಯುತ್ತದೆ ಅನ್ನುವ ಲೆಕ್ಕ. ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ. ಚೈನ್ ಹಾಗೇ ಇದ್ದು, ಹಿಂದೆ ಒಂದು ಹಲ್ಲು ಜಾಸ್ತಿಯಾದರೆ ಆಕ್ಸಲ್ ಸುಮಾರು 3 ಮಿ.ಮೀ. ಮುಂದೆ ಬರಬೇಕು. 16ರಿಂದ 18ಕ್ಕೆ ಹೋದರೆ ಸುಮಾರು 6 ಮಿ.ಮೀ. ನಾಲ್ಕು ಹಲ್ಲಿನ ವ್ಯತ್ಯಾಸ ಇದ್ದರೆ ಸುಮಾರು 12. ನೀವು ಬರೆದಿಟ್ಟ ಓಡಾಟದ ಜಾಗದ ಜೊತೆ ಇದನ್ನು ಹೋಲಿಸಿ. ಜಾಗ ಸಾಲದಿದ್ದರೆ ಆ ಜೋಡಿ ನಿಮ್ಮ ಫ್ರೇಮಿಗೆ ಆಗದು.

ಬ್ರೇಕ್ ಹಾಕದೆ ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವ ಅಭ್ಯಾಸ ಇರುವವರು ಇನ್ನೊಂದನ್ನು ಗಮನಿಸಿ. ಅನುಪಾತವನ್ನು ಸಣ್ಣ ಭಿನ್ನರಾಶಿಗೆ ಇಳಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯಷ್ಟು ಜಾಗಗಳಲ್ಲಿ ಮಾತ್ರ ಟೈರ್ ಸವೆಯುತ್ತದೆ. 48/16 ಅಂದರೆ 3/1, ಒಂದೇ ಜಾಗ. ಟೈರ್ ಬೇಗ ತೂತಾಗುತ್ತದೆ. 42/18 ಅಂದರೆ 7/3, ಮೂರು ಜಾಗ. 42/17 ಇಳಿಯುವುದೇ ಇಲ್ಲ, ಹಾಗಾಗಿ 17 ಜಾಗ.

3. ಮೂರು ದಾರಿ, ನಿಮಗೆ ಯಾವುದು?

ಎರಡು ಬದಿಯ ಹಬ್: ಹಬ್ಬಿನ ಎರಡೂ ಕಡೆ ಕಾಗ್ ಹಾಕಲು ಥ್ರೆಡ್ ಇರುತ್ತದೆ. ಒಂದು ಕಡೆ 16, ಇನ್ನೊಂದು ಕಡೆ 18. ಗೇರ್ ಬದಲಿಸಲು ಚಕ್ರ ಬಿಚ್ಚಿ ತಿರುಗಿಸಿ ಹಾಕುವುದು. ಕೊಳ್ಳುವಾಗ ಎರಡೂ ಬದಿಯಲ್ಲಿ ಲಾಕ್‌ರಿಂಗಿನ (ಕಾಗ್ ಬಿಚ್ಚಿಕೊಳ್ಳದಂತೆ ತಡೆಯುವ ಬಳೆ) ಥ್ರೆಡ್ ಇರುವ ಮೆಟ್ಟಿಲು ಇದೆಯೇ ನೋಡಿ. ಒಂದೇ ಬದಿಯಲ್ಲಿದ್ದರೆ ಇನ್ನೊಂದು ಬದಿ ಫ್ರೀವೀಲಿಗೆ ಮಾತ್ರ. ಮೊದಲ ಸಲ ಮಾಡುವವರಿಗೆ ಈ ದಾರಿಯನ್ನೇ ಹೇಳುತ್ತೇನೆ. ಭಾಗ ಕಡಿಮೆ, ಕೆಡುವುದು ಕಡಿಮೆ.

ಜೋಡಿ ಕಾಗ್, ಜೋಡಿ ಚೈನ್‌ವೀಲ್: ಒಂದೇ ತುಂಡಿನಲ್ಲಿ ಎರಡು ಕಾಗ್ ಇರುವ ಭಾಗ ಸಿಗುತ್ತದೆ. ಸರ್ಲಿ ಕಂಪನಿಯ ಡಿಂಗಲ್ ಕಾಗ್ 17/19, 17/20, 17/21 ಹಲ್ಲಿನ ಜೋಡಿಗಳಲ್ಲಿ ಬಂದಿದೆ. ಇದರ ಗುಟ್ಟು ಕೂಡಿಸುವ ಲೆಕ್ಕದಲ್ಲಿದೆ. ಮುಂದಿನ ಹಲ್ಲು ಮತ್ತು ಹಿಂದಿನ ಹಲ್ಲಿನ ಮೊತ್ತ ಎರಡೂ ಗೇರ್‌ನಲ್ಲಿ ಒಂದೇ ಇರಬೇಕು. 44+17=61, 40+21=61. ಹೀಗಿದ್ದರೆ 2.59 ಮತ್ತು 1.90ರಷ್ಟು ದೂರದ ಎರಡು ಗೇರ್ ಸಿಕ್ಕರೂ ಆಕ್ಸಲ್ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಪೂರ್ತಿ ಅಲ್ಲೇ ಇರುವುದಿಲ್ಲ. 40/21ಕ್ಕೆ ಹಾಕಿದಾಗ ಚೈನ್ ಸ್ವಲ್ಪ ಸಡಿಲವಾಗುತ್ತದೆ, ಆಕ್ಸಲ್ ಸುಮಾರು 2 ಮಿ.ಮೀ. ಹಿಂದೆ ಎಳೆಯಬೇಕಾಗುತ್ತದೆ. ಮೊತ್ತ ಒಂದೇ ಅಲ್ವಾ ಅಂದುಕೊಂಡು ಹಾಗೇ ಓಡಿಸಿದರೆ ಚೈನ್ ಕಳಚುವ ಅಪಾಯ ಇದೆ.

ಒಳಗೇರಿನ ಫಿಕ್ಸೆಡ್ ಹಬ್: ಸ್ಟರ್ಮಿ ಆರ್ಚರ್ ಎಸ್‌3ಎಕ್ಸ್ ಹಬ್ಬಿನಲ್ಲಿ ಮೂರು ಗೇರ್. ಮೇಲಿನದು ನೇರ ಗೇರ್, ಎರಡನೆಯದು ಅದರ 75 ಶೇಕಡಾ, ಮೂರನೆಯದು 62.5 ಶೇಕಡಾ. ಮುಂದೆ 46, ಹಿಂದೆ 15 ಹಾಕಿದರೆ 3.07, 2.30, 1.92 ಸಿಗುತ್ತವೆ. ಸೈಕಲ್ ನಿಲ್ಲಿಸದೆ ಬದಲಿಸಬಹುದು. ಆದರೆ ಒಳಗಿನ ಹಲ್ಲುಗಳ ನಡುವೆ ಸಡಿಲ ಇದೆ. ಮುಂದೆ ತುಳಿಯುವುದರಿಂದ ಹಿಂದೆ ಒತ್ತುವುದಕ್ಕೆ ಬದಲಾದಾಗ ಕಾಲಿಗೆ ಆ ಖಾಲಿ ಜಾಗ ತಿಳಿಯುತ್ತದೆ. ಫಿಕ್ಸೆಡ್ ಗೇರಿನ ಬಿಗಿಯಾದ ಹಿಡಿತ ಇಷ್ಟಪಡುವವರಿಗೆ ಇದು ಹಿಡಿಸದು. ಏರಿಳಿತ ಜಾಸ್ತಿ ಇರುವ ಊರಲ್ಲಿ ದಿನಾ ಓಡಿಸುವವರಿಗೆ ಒಳ್ಳೆಯದೇ.

4. ಉಪಕರಣ ಜೋಡಿಸಿಕೊಳ್ಳಿ

15 ಮಿ.ಮೀ. ಸ್ಪ್ಯಾನರ್, ಕಾಗ್ ತಿರುಗಿಸಲು ಚೈನ್ ವಿಪ್, ಕೊಕ್ಕೆ ಇರುವ ಲಾಕ್‌ರಿಂಗ್ ಸ್ಪ್ಯಾನರ್, ಕ್ರ್ಯಾಂಕ್ ಪುಲ್ಲರ್, ನಿಮ್ಮ ಬಿಬಿಗೆ ಹೊಂದುವ ಟೂಲ್, ಹಳೆಯ ಫ್ರೀವೀಲ್ ಬಿಚ್ಚುವ ರಿಮೂವರ್, ಚೈನ್ ಕಟ್ಟರ್, ಅಲೆನ್ ಕೀ, ಗ್ರೀಸ್. ಕಡ್ಡಿ ಬಿಗಿ ಮಾಡುವ ಕೀ ಇದ್ದರೆ ಚಕ್ರದ ಬೆಂಡ್ ನೀವೇ ತೆಗೆಯಬಹುದು.

ಲಾಕ್‌ರಿಂಗ್ ಸ್ಪ್ಯಾನರ್ ಬದಲು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವವರಿದ್ದಾರೆ. ಹೊಡೆದರೆ ಕೂರುತ್ತದೆ, ಎಷ್ಟು ಬಿಗಿಯಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಕಾಲಿನಿಂದ ನಿಲ್ಲಿಸುವ ಸೈಕಲ್‌ನಲ್ಲಿ ಅದು ಗೊತ್ತಿರಲೇಬೇಕು. ಈ ಒಂದು ಟೂಲಿಗೆ ದುಡ್ಡು ಉಳಿಸಬೇಡಿ.

5. ಬಿಚ್ಚುವ ಕೆಲಸ

ಮೊದಲು ಫ್ರೀವೀಲ್, ಆಮೇಲೆ ಚೈನ್, ಡಿರೇಲರ್, ಶಿಫ್ಟರ್, ಕೇಬಲ್. ಬ್ರೇಕ್ ಮುಟ್ಟಬೇಡಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ.

ಬಿಬಿ ಕಪ್ ಬಿಚ್ಚುವಾಗ ಸೈಕಲ್ ಯಾವ ದೇಶದ್ದು ಅನ್ನುವುದು ಮುಖ್ಯ. ಇಂಗ್ಲಿಷ್ ಥ್ರೆಡ್ ಇರುವ ಫ್ರೇಮಿನಲ್ಲಿ ಚೈನ್ ಬದಿಯ ಕಪ್ಪಿಗೆ ಉಲ್ಟಾ ಥ್ರೆಡ್. ಹಳೆಯ ಇಟಾಲಿಯನ್ ಮತ್ತು ಫ್ರೆಂಚ್ ಥ್ರೆಡ್‌ನಲ್ಲಿ ಎರಡೂ ಕಡೆ ಸಾಮಾನ್ಯ ಥ್ರೆಡ್. ಫ್ರೆಂಚ್ ಕಂಪನಿ ಪೂಜೋದ ಹಳೆಯ ಸೈಕಲ್ ಇದ್ದರೆ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ತಪ್ಪು ದಿಕ್ಕಿಗೆ ಬಲ ಹಾಕಿದರೆ ಕಪ್ ಇನ್ನೂ ಬಿಗಿಯಾಗಿ ಕೊನೆಗೆ ಶೆಲ್ ಹಾಳಾಗುತ್ತದೆ. ಬಿಬಿ ಗುಂಡುಗಳು ಸರಾಗವಾಗಿ ತಿರುಗುತ್ತಿದ್ದರೆ ಬಿಚ್ಚಿ ತೊಳೆದು ಗ್ರೀಸ್ ಹಾಕಿದರೆ ಸಾಕು.

ಕ್ರ್ಯಾಂಕಿಗೆ ಕಾಟರ್ ಪಿನ್ ಇದ್ದರೆ, ಅಂದರೆ ನಮ್ಮ ಕಪ್ಪು ಸೈಕಲ್‌ಗಳಲ್ಲಿ ಇರುವಂಥದ್ದು, ಅದನ್ನು ಚೆನ್ನಾಗಿ ನೋಡಿ. ಸವೆದ ಪಿನ್ ಹಿಂದೆ ಮುಂದೆ ಒತ್ತಡಕ್ಕೆ ಬೇಗ ಸಡಿಲವಾಗುತ್ತದೆ. ಹೊಸ ಪಿನ್ ಹಾಕಿ, ಇಲ್ಲವೇ ಚೌಕ ಆಕ್ಸಲಿನ ಕ್ರ್ಯಾಂಕಿಗೆ ಬದಲಿಸಿ.

6. ಚಕ್ರ: ಇಲ್ಲಿ ಆತುರ ಬೇಡ

ಹಳೆಯ ಫ್ರೀವೀಲ್ ಹಬ್ಬಿನ ಥ್ರೆಡ್ ಮತ್ತು ಟ್ರ್ಯಾಕ್ ಕಾಗಿನ ಥ್ರೆಡ್ ಒಂದೇ ಅಳತೆ: 1.37 ಇಂಚು, ಇಂಚಿಗೆ 24 ಸುತ್ತು. ಹಾಗಾಗಿ ಹಳೆಯ ಹಬ್ಬಿಗೇ ಕಾಗ್ ತಿರುಗಿಸಿ, ಮೇಲೆ ಬಿಬಿಯ ಲಾಕ್‌ರಿಂಗ್ ಹಾಕಿ ಓಡಿಸುವ ಜುಗಾಡು ಎಲ್ಲ ಕಡೆ ಇದೆ. ಇದನ್ನು ಮಾಡಬೇಡಿ.

ಕಾರಣ ಸರಳ. ಟ್ರ್ಯಾಕ್ ಹಬ್ಬಿನಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇದೆ. ಕಾಗಿನದು ಸಾಮಾನ್ಯ, ಲಾಕ್‌ರಿಂಗಿನದು ಚಿಕ್ಕದು ಮತ್ತು ಉಲ್ಟಾ. ಕಾಲಿನಿಂದ ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ. ಆಗ ಅದು ಲಾಕ್‌ರಿಂಗನ್ನು ಬಿಗಿಯಾಗುವ ದಿಕ್ಕಿಗೇ ತಳ್ಳುತ್ತದೆ. ಹಳೆಯ ಹಬ್ಬಿನಲ್ಲಿ ಎರಡೂ ಒಂದೇ ದಿಕ್ಕು. ಹಿಂದಕ್ಕೆ ಒತ್ತಿದರೆ ಕಾಗ್ ಮತ್ತು ಲಾಕ್‌ರಿಂಗ್ ಒಟ್ಟಿಗೆ ಬಿಚ್ಚಿಕೊಳ್ಳಬಹುದು. ಅದು ಆಗುವುದು ಇಳಿಜಾರಿನಲ್ಲಿ, ನೀವು ನಿಲ್ಲಿಸಲು ನೋಡುತ್ತಿರುವಾಗಲೇ. ಗೇರ್ ಬದಲಿಸುವ ಸೈಕಲ್ ಏರಿಳಿತದ ದಾರಿಗೆ ಹೋಗುವ ಸೈಕಲ್. ಅದಕ್ಕೆ ನಿಜವಾದ ಟ್ರ್ಯಾಕ್ ಹಬ್ಬೇ ಬೇಕು.

ಕಾಗ್ ಮತ್ತು ಲಾಕ್‌ರಿಂಗ್ ಒಂದೇ ಅಳತೆಯವು ಅಂದುಕೊಳ್ಳಬೇಡಿ. ಸಾಮಾನ್ಯ ಹಬ್ಬುಗಳಲ್ಲಿ ಲಾಕ್‌ರಿಂಗ್ 1.29 ಇಂಚು. ಇಟಾಲಿಯನ್ ಅಳತೆ ಬೇರೆ. ಕೈಯಲ್ಲಿ ಎರಡು ಮೂರು ಸುತ್ತು ಹಗುರವಾಗಿ ಹೋಗಬೇಕು. ಮೊದಲ ಸುತ್ತಿಗೇ ಬಿಗಿಯಾದರೆ ನಿಲ್ಲಿಸಿ, ಅಳತೆ ತಪ್ಪಿದೆ.

ಫ್ರೇಮ್ 126, ಹಬ್ 120 ಇದ್ದರೆ ಆಕ್ಸಲಿಗೆ ಎರಡೂ ಕಡೆ 3 ಮಿ.ಮೀ. ವಾಷರ್ ಹಾಕಿ. ಸುಮ್ನೆ ನಟ್ ಬಿಗಿದು ಫ್ರೇಮನ್ನು ಒಳಕ್ಕೆ ಎಳೆಯಬೇಡಿ. ಡ್ರಾಪೌಟ್‌ಗಳು ಓರೆಯಾಗಿ ಆಕ್ಸಲ್ ಬಾಗುತ್ತದೆ. ವಾಷರ್ ಹಾಕಿದ ಮೇಲೆ ಆಕ್ಸಲ್ ಹೊರಗೆ ಎಷ್ಟು ಉಳಿಯಿತು ನೋಡಿ. ನಟ್ಟಿನ ಪೂರ್ತಿ ಆಳಕ್ಕೆ ಥ್ರೆಡ್ ಸಿಗಬೇಕು. ಸಿಗದಿದ್ದರೆ ಉದ್ದದ ಆಕ್ಸಲ್ ಹಾಕಿಸಿ.

ಎರಡು ಬದಿಯ ಹಬ್ಬಿನ ಚಕ್ರದಲ್ಲಿ ರಿಮ್ ಹಬ್ಬಿನ ಸರಿ ನಡುವೆ ಇರಬೇಕು. ಪರೀಕ್ಷೆ ಸುಲಭ: ಚಕ್ರ ತಿರುಗಿಸಿ ಹಾಕಿದರೂ ರಿಮ್ ಬ್ರೇಕ್ ಪ್ಯಾಡ್‌ಗಳ ನಡುವೆ ಅದೇ ಜಾಗದಲ್ಲಿ ನಿಲ್ಲಬೇಕು. ಒಂದು ಬದಿಗೆ ಸರಿದರೆ ಕಡ್ಡಿ ಬಿಗಿ ಸರಿಪಡಿಸಬೇಕು.

7. ಚೈನ್‌ಲೈನ್ ಹೊಂದಿಸುವುದು

ಡಿರೇಲರ್ ಸೈಕಲ್ ಓರೆ ಚೈನನ್ನು ಸಹಿಸಿಕೊಳ್ಳುತ್ತದೆ. ಫಿಕ್ಸೆಡ್ ಗೇರ್ ಸಹಿಸುವುದಿಲ್ಲ. ಫ್ರೇಮಿನ ನಡುಗೆರೆಯಿಂದ ಚೈನ್‌ವೀಲಿನ ಹಲ್ಲಿನ ನಡುವಿಗೆ ಎಷ್ಟು ದೂರವೋ, ಕಾಗಿನ ಹಲ್ಲಿಗೂ ಅಷ್ಟೇ ದೂರ ಇರಬೇಕು. ಟ್ರ್ಯಾಕ್ ಹಬ್ಬಿನಲ್ಲಿ ಇದು ಸಾಮಾನ್ಯವಾಗಿ 42 ಮಿ.ಮೀ.

ಮುಂದೆ ಅಳೆಯಲು ಸೀಟ್ ಟ್ಯೂಬಿನ ಮೈಯಿಂದ ಹಲ್ಲಿನ ನಡುವಿಗೆ ಅಳೆದು, ಟ್ಯೂಬಿನ ಅರ್ಧ ದಪ್ಪ ಸೇರಿಸಿ. ಹಳೆಯ ಸ್ಟೀಲ್ ಟ್ಯೂಬ್ ಹೆಚ್ಚಾಗಿ 28.6 ಮಿ.ಮೀ., ಅರ್ಧ 14.3. ಹಿಂದೆ ಅಳೆಯಲು ಡ್ರಾಪೌಟ್ ಒಳಮುಖದಿಂದ ಕಾಗ್ ಹಲ್ಲಿನ ನಡುವಿಗೆ ಅಳೆದು, ಅದನ್ನು ಫ್ರೇಮ್ ಅಗಲದ ಅರ್ಧದಿಂದ ಕಳೆಯಿರಿ. 126ರ ಫ್ರೇಮಿನಲ್ಲಿ 63 − 21 = 42. ಎರಡರ ನಡುವೆ ಒಂದು ಮಿ.ಮೀ. ವ್ಯತ್ಯಾಸ ಪರವಾಗಿಲ್ಲ. ಎರಡು ಅಂದರೆ ಸದ್ದು ಶುರು. ಮೂರು ಅಂದರೆ ಓಡಿಸಬೇಡಿ.

ಎರಡು ಚೈನ್‌ವೀಲಿನ ಹಳೆಯ ರೋಡ್ ಕ್ರ್ಯಾಂಕಿನಲ್ಲಿ ಒಳಗಿನ ಜಾಗ ಹೆಚ್ಚಾಗಿ 42ಕ್ಕೆ ಹತ್ತಿರ ಇರುತ್ತದೆ. ಎರಡು ಬದಿಯ ಹಬ್ಬಿನ ದಾರಿ ಹಿಡಿದವರು ಚೈನ್‌ವೀಲನ್ನು ಅಲ್ಲೇ ಕೂರಿಸಿ, ಚಿಕ್ಕ ಬೋಲ್ಟ್ ಬಳಸಿ. ಇನ್ನೂ ಸರಿಯಾಗದಿದ್ದರೆ ಬಿಬಿ ಆಕ್ಸಲಿನ ಉದ್ದ ಬದಲಿಸಬೇಕು. ಎರಡೂ ಕಡೆ ಸಮವಾಗಿರುವ ಆಕ್ಸಲ್ 4 ಮಿ.ಮೀ. ಉದ್ದವಾದರೆ ಚೈನ್‌ವೀಲ್ 2 ಮಿ.ಮೀ. ಆಚೆ ಹೋಗುತ್ತದೆ. ಜೋಡಿ ಕಾಗಿನವರು ಹೊರಗಿನ ಕಾಗಿಗೆ ಹೊರಗಿನ ಚೈನ್‌ವೀಲ್, ಒಳಗಿನದಕ್ಕೆ ಒಳಗಿನದು ಹೀಗೆ ಎರಡೂ ಗೆರೆ ಪ್ರತ್ಯೇಕವಾಗಿ ಅಳೆಯಬೇಕು.

ಚೈನ್‌ವೀಲ್ ಕೊಳ್ಳುವಾಗ ಬೋಲ್ಟ್ ವೃತ್ತದ ಅಳತೆ, ಅಂದರೆ ಅದರ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ ನೋಡಿ. 130 ಮಿ.ಮೀ. ವೃತ್ತಕ್ಕೆ 38 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. ಹಳೆಯ 144ರ ಕ್ರ್ಯಾಂಕಿಗೆ 41ಕ್ಕಿಂತ ಚಿಕ್ಕದು ಕೂರುವುದಿಲ್ಲ. ಅಂದರೆ 144 ಇದ್ದರೆ ಮೇಲೆ ಹೇಳಿದ 44/40 ಜೋಡಿ ಆಗದು. ಗೇರ್ ಬದಲಿಸಲು ನೆರವಾಗುವಂತೆ ಹಲ್ಲು ಕತ್ತರಿಸಿರುವ, ಪಕ್ಕದಲ್ಲಿ ಪಿನ್ ಇರುವ ಚೈನ್‌ವೀಲ್ ಬೇಡ. ಅದು ಚೈನನ್ನು ಕಳಚಲೆಂದೇ ಮಾಡಿದ್ದು.

ಚೈನಿನ ಅಗಲವೂ ಮುಖ್ಯ. ಒಳ ಅಗಲ 3/32 ಇಂಚು ಮತ್ತು 1/8 ಇಂಚು ಅಂತ ಎರಡಿವೆ. 1/8ರ ಚೈನ್ ತೆಳ್ಳಗಿನ ಹಲ್ಲಿನ ಮೇಲೂ ಓಡುತ್ತದೆ, 3/32ರ ಚೈನ್ ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಜೋಡಿ ಕಾಗಿಗೆ 3/32 ಚೈನೇ ಸರಿ, ಅಗಲದ್ದು ಪಕ್ಕದ ಕಾಗಿಗೆ ಉಜ್ಜಬಹುದು.

8. ಕಾಗ್ ಮತ್ತು ಲಾಕ್‌ರಿಂಗ್ ಬಿಗಿ ಮಾಡುವುದು

ಥ್ರೆಡ್ ಚೆನ್ನಾಗಿ ಒರೆಸಿ, ಗ್ರೀಸ್ ಹಚ್ಚಿ. ಕಾಗನ್ನು ಕೈಯಿಂದ ಕೊನೆಯವರೆಗೆ ತಿರುಗಿಸಿ. ಓರೆಯಾಗಿ ಹತ್ತಿದ್ದರೆ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಚೈನ್ ವಿಪ್‌ನಿಂದ ಬಲವಾಗಿ ಬಿಗಿ ಮಾಡಿ. ಲಾಕ್‌ರಿಂಗನ್ನು ಉಲ್ಟಾ ದಿಕ್ಕಿಗೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಬಿಗಿ ಮಾಡಿ.

ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಸೈಕಲ್ ಪೂರ್ತಿ ಜೋಡಿಸಿದ ಮೇಲೆ, ಬ್ರೇಕ್ ಮಾತ್ರ ಬಳಸುತ್ತಾ, ಕಾಲಿನಿಂದ ಹಿಂದಕ್ಕೆ ಒತ್ತದೆ, ಒಂದು ಏರನ್ನು ಎದ್ದು ನಿಂತು ತುಳಿದು ಹತ್ತಿ. ತುಳಿತದ ಬಲಕ್ಕೆ ಕಾಗ್ ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ. ಈಗ ಅದಕ್ಕೂ ಲಾಕ್‌ರಿಂಗಿಗೂ ನಡುವೆ ಸಡಿಲ ಬಂದಿರುತ್ತದೆ. ಇಳಿದು ಲಾಕ್‌ರಿಂಗನ್ನು ಮತ್ತೆ ಬಿಗಿ ಮಾಡಿ. ಎರಡು ಬದಿಯ ಹಬ್ಬಿನಲ್ಲಿ ಇನ್ನೊಂದು ಬದಿಗೂ ಇದನ್ನೇ ಪೂರ್ತಿ ಮಾಡಬೇಕು. ಬಳಸದ ಬದಿ ಕೈಯಿಂದ ಬಿಗಿದಷ್ಟೇ ಇರುತ್ತದೆ ಅನ್ನುವುದನ್ನು ಮರೆತು, ಬೆಟ್ಟದ ಬುಡದಲ್ಲಿ ಚಕ್ರ ತಿರುಗಿಸಿ ಹಾಕಿದರೆ ಅಪಾಯ.

9. ಚೈನಿನ ಉದ್ದ ಮತ್ತು ಬಿಗಿ

ಕಚ್ಚು ಮುಂದಕ್ಕೆ ಬಾಯಿ ತೆರೆದಿದೆ ಅನ್ನುವುದನ್ನು ನೆನಪಿಡಿ. ದೊಡ್ಡ ಕಾಗ್ ಹಾಕಿದಾಗ ಆಕ್ಸಲ್ ಆ ಬಾಯಿಯ ಕಡೆಗೇ ಬರುತ್ತದೆ. ಹಾಗಾಗಿ ಚೈನ್ ಕತ್ತರಿಸುವಾಗ ಚಿಕ್ಕ ಕಾಗಿನಲ್ಲಿ ಆಕ್ಸಲ್ ಕಚ್ಚಿನ ಹಿಂಭಾಗದಲ್ಲಿ ನಿಲ್ಲುವಂತೆ ನೋಡಿ. ಆಮೇಲೆ ದೊಡ್ಡ ಕಾಗ್ ಹಾಕಿ ಪರೀಕ್ಷಿಸಿ. ಕತ್ತರಿಸುವುದು ಈ ಎರಡೂ ನೋಡಿದ ಮೇಲೆಯೇ. ಒಂದು ಜೊತೆ ಕೊಂಡಿ ತೆಗೆದರೆ ಆಕ್ಸಲ್ 12.7 ಮಿ.ಮೀ. ಮುಂದೆ ಬರುತ್ತದೆ. ಅದು ಜಾಸ್ತಿಯಾದರೆ ಅರ್ಧ ಕೊಂಡಿ ಸಿಗುತ್ತದೆ, ಅದರಿಂದ ಸುಮಾರು 6 ಮಿ.ಮೀ. ಹೊಂದಿಸಬಹುದು.

ಬಿಗಿ ನೋಡುವುದು ಹೀಗೆ. ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಚೈನ್ ಎಲ್ಲಿ ಅತಿ ಬಿಗಿ ಅನ್ನುವುದನ್ನು ಹುಡುಕಿ. ಚಕ್ರ ನಿಂತ ಮೇಲೆ, ಆ ಜಾಗದಲ್ಲಿ ಚೈನಿನ ನಡುವನ್ನು ಮೇಲೆ ಕೆಳಗೆ ಅಲುಗಿಸಿದರೆ ಸುಮಾರು 10 ಮಿ.ಮೀ. ಆಡಬೇಕು. ತಂತಿಯಂತೆ ಬಿಗಿಯಾಗಿದ್ದರೆ ಬೇರಿಂಗ್ ಸವೆಯುತ್ತದೆ, ಪೆಡಲ್ ಗರಗರ ಅನ್ನುತ್ತದೆ. ಜೋತು ಬಿದ್ದಿದ್ದರೆ ಕಳಚುತ್ತದೆ. ಫಿಕ್ಸೆಡ್ ಗೇರ್‌ನಲ್ಲಿ ಕಳಚಿದ ಚೈನ್ ಕಾಗಿಗೆ ಸಿಕ್ಕಿಕೊಂಡು ಹಿಂದಿನ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು.

ಒಂದು ಕಡೆ ಬಿಗಿ, ಒಂದು ಕಡೆ ತೀರಾ ಸಡಿಲ ಇದ್ದರೆ ಚೈನ್‌ವೀಲ್ ನಡುವಿನಲ್ಲಿ ಕೂತಿಲ್ಲ. ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಬಿಗಿಯಾದ ಜಾಗದಲ್ಲಿ ಚೈನಿನ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿ.

ಹಳೆಯ ಡ್ರಾಪೌಟ್‌ಗಳ ಹಿಂಭಾಗದಲ್ಲಿ ಎರಡು ಸಣ್ಣ ಸ್ಕ್ರೂ ಇರುತ್ತವೆ. ಅವು ಆಕ್ಸಲನ್ನು ಹಿಡಿದಿಡುತ್ತವೆ ಅಂತ ಹಲವರು ನಂಬುತ್ತಾರೆ. ಅವು ಆಕ್ಸಲ್ ಹಿಂದೆ ಹೋಗುವುದನ್ನು ಮಾತ್ರ ತಡೆಯುತ್ತವೆ. ಚೈನ್ ಎಳೆಯುವುದು ಮುಂದಕ್ಕೆ. ಮುಂದೆ ತುಳಿದರೂ, ಹಿಂದೆ ಒತ್ತಿದರೂ ಎಳೆತ ಮುಂದಕ್ಕೇ. ಆಕ್ಸಲನ್ನು ಹಿಡಿದಿಡುವುದು ನಟ್ಟಿನ ಬಿಗಿ ಮಾತ್ರ. ಆದ್ದರಿಂದ ಕ್ವಿಕ್ ರಿಲೀಸ್ ಬೇಡ, ಗಟ್ಟಿ ಆಕ್ಸಲ್ ಮತ್ತು ಹಲ್ಲು ಕೊರೆದ ವಾಷರ್ ಇರುವ ಟ್ರ್ಯಾಕ್ ನಟ್ ಬಳಸಿ. ಡ್ರಾಪೌಟ್ ಮೇಲೆ ದಪ್ಪ ಬಣ್ಣ ಇದ್ದರೆ ನಟ್ ಕೂರುವ ಜಾಗದಲ್ಲಿ ಕೆರೆದು ತೆಗೆಯಿರಿ.

10. ಬ್ರೇಕ್ ಇರಲೇಬೇಕು, ಎರಡೂ

ಮುಂದಿನ ಬ್ರೇಕ್ ಇಲ್ಲದೆ ರಸ್ತೆಗೆ ಇಳಿಯಬೇಡಿ. ಬ್ರಿಟನ್ನಿನಲ್ಲಿ ಫಿಕ್ಸೆಡ್ ಸೈಕಲ್ಲಿಗೂ ಮುಂದಿನ ಬ್ರೇಕ್ ಕಾನೂನಿನಲ್ಲೇ ಕಡ್ಡಾಯ. ಬೆಟ್ಟದ ದಾರಿಗೆ ಹೋಗುವ ಈ ಸೈಕಲ್ಲಿಗೆ ಹಿಂದಿನ ಬ್ರೇಕೂ ಉಳಿಸಿಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚೈನ್ ಕಳಚಿದರೆ ಕಾಲಿನ ಬ್ರೇಕ್ ಆ ಕ್ಷಣವೇ ಹೋಗುತ್ತದೆ.

ಎರಡು ಅನುಪಾತ ಇರುವುದರಿಂದ ಇಲ್ಲೊಂದು ಸೂಕ್ಷ್ಮ ಇದೆ. ಆಕ್ಸಲ್ 6 ಮಿ.ಮೀ. ಸರಿದರೆ ಹಿಂದಿನ ರಿಮ್ ಪ್ಯಾಡಿನ ಕೆಳಗೆ ಸ್ವಲ್ಪ ಮೇಲೋ ಕೆಳಗೋ ಹೋಗುತ್ತದೆ. ಪ್ಯಾಡ್ ಟೈರಿಗೆ ತಗುಲಿದರೆ ಟೈರ್ ಕೊಯ್ದುಹೋಗುತ್ತದೆ. ಎರಡೂ ಗೇರ್‌ನಲ್ಲಿ ನೋಡಿ, ಎರಡರಲ್ಲೂ ಪ್ಯಾಡ್ ರಿಮ್ ಮೇಲೆಯೇ ಕೂರುವ ಎತ್ತರಕ್ಕೆ ಇಡಿ.

27 ಇಂಚಿನ ಹಳೆಯ ಚಕ್ರ ತೆಗೆದು 700ಸಿ (ಈಚಿನ ರೋಡ್ ಸೈಕಲ್ ಚಕ್ರದ ಅಳತೆ) ಹಾಕಿದರೆ ರಿಮ್ 4 ಮಿ.ಮೀ. ಹಬ್ಬಿನ ಕಡೆಗೆ ಇಳಿಯುತ್ತದೆ. ಪ್ಯಾಡ್ ಅಷ್ಟು ಕೆಳಗೆ ಇಳಿಯದಿದ್ದರೆ ಉದ್ದ ತೋಳಿನ ಬ್ರೇಕ್ ಬೇಕು.

11. ಮೊದಲ ಸವಾರಿ

ಪೆಡಲಿಗೆ ಟೋ ಕ್ಲಿಪ್ ಮತ್ತು ಬೆಲ್ಟ್ ಹಾಕಿ. ಕಾಲು ಪೆಡಲಿನಲ್ಲಿ ನಿಲ್ಲದಿದ್ದರೆ ಹಿಡಿತವೇ ಇಲ್ಲ. ಶೂ ಲೇಸ್ ಒಳಗೆ ತುರುಕಿ, ಪ್ಯಾಂಟಿನ ತುದಿ ಕಟ್ಟಿ. ಚೈನಿಗೆ ಬಟ್ಟೆ ಸಿಕ್ಕರೆ ಈ ಸೈಕಲ್ ನಿಲ್ಲುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ.

ಇದೇ ಕಾರಣಕ್ಕೆ, ಚಕ್ರ ತಿರುಗುತ್ತಿರುವಾಗ ಚೈನ್ ಒರೆಸಬೇಡಿ, ಬೆರಳು ಹತ್ತಿರ ಇಡಬೇಡಿ. ಬಟ್ಟೆ ಸಿಕ್ಕಿ ಬೆರಳು ಕಾಗಿನೊಳಗೆ ಹೋದರೆ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ಮಕ್ಕಳು ಇರುವ ಮನೆಯಲ್ಲಿ ಸೈಕಲ್ಲನ್ನು ತಲೆಕೆಳಗೆ ಮಾಡಿ ಚಕ್ರ ತಿರುಗಿಸಲು ಬಿಡಲೇಬೇಡಿ.

ಖಾಲಿ, ಸಮತಟ್ಟು ಜಾಗದಲ್ಲಿ ಶುರು ಮಾಡಿ. ತಿರುವಿನಲ್ಲಿ ಪೆಡಲ್ ನಿಲ್ಲುವುದಿಲ್ಲ ಅನ್ನುವುದು ದೇಹಕ್ಕೆ ಒಗ್ಗಬೇಕು. ರೋಡ್ ಫ್ರೇಮಿನ ಬಿಬಿ ತಗ್ಗಿನಲ್ಲಿರುತ್ತದೆ. ಜಾಸ್ತಿ ವಾಲಿದರೆ ಪೆಡಲ್ ನೆಲಕ್ಕೆ ತಾಗಿ ಹಿಂದಿನ ಚಕ್ರ ಎದ್ದುಬಿಡುತ್ತದೆ. 170ರ ಬದಲು 165 ಮಿ.ಮೀ. ಕ್ರ್ಯಾಂಕ್ ಸಿಕ್ಕರೆ ಹಾಕಿ.

ಈ ಸೂಚನೆಗಳು ಕಂಡರೆ ತಕ್ಷಣ ಇಳಿಯಿರಿ. ಮುಂದೆ ತುಳಿದು ಹಿಂದೆ ಒತ್ತುವಾಗ ಟಕ್ ಅಂದರೆ ಲಾಕ್‌ರಿಂಗ್ ಸಡಿಲ. ಚೈನ್ ಇದ್ದಕ್ಕಿದ್ದಂತೆ ಜೋತರೆ ಆಕ್ಸಲ್ ಜಾರಿದೆ. ಹಿಂದಿನ ಟೈರ್ ಒಂದು ಬದಿಯ ಚೈನ್‌ಸ್ಟೇಗೆ ಹತ್ತಿರ ಬಂದಿದ್ದರೆ ಚೈನ್ ಬದಿಯ ನಟ್ ಜಾರಿ ಚಕ್ರ ಓರೆಯಾಗಿದೆ. ಸುತ್ತಿಗೊಮ್ಮೆ ಬರುವ ಕಿರ್ ಸದ್ದು ಚೈನ್‌ವೀಲ್ ಬೋಲ್ಟ್ ಇಲ್ಲವೇ ಕ್ರ್ಯಾಂಕ್ ಸಡಿಲವಾದದ್ದು.

12. ದಾರಿಯಲ್ಲಿ ಗೇರ್ ಬದಲಿಸುವುದು

15 ಮಿ.ಮೀ. ಸ್ಪ್ಯಾನರ್, ಒಂದು ಜೊತೆ ಹಳೆಯ ಕೈಗವಸು, ಸಣ್ಣ ಬಟ್ಟೆ ಜೊತೆಗಿರಲಿ. ಸೈಕಲ್ ರಸ್ತೆಯಿಂದ ಪೂರ್ತಿ ಆಚೆ ತನ್ನಿ.

ಎರಡು ಬದಿಯ ಹಬ್ ಇದ್ದರೆ: ಹಿಂದಿನ ಬ್ರೇಕ್ ಸಡಿಲಿಸಿ, ನಟ್ ಬಿಚ್ಚಿ, ಆಕ್ಸಲ್ ಮುಂದೆ ತಳ್ಳಿ ಚೈನ್ ತೆಗೆಯಿರಿ. ಚಕ್ರ ತಿರುಗಿಸಿ ಹಾಕಿ, ಚೈನ್ ಕೂರಿಸಿ ಹಿಂದಕ್ಕೆ ಎಳೆಯಿರಿ. ಚೈನ್ ಬದಿಯ ನಟ್ಟನ್ನು ಅರ್ಧ ಬಿಗಿ ಮಾಡಿ, ರಿಮ್ ಎರಡು ಚೈನ್‌ಸ್ಟೇಗಳ ನಡುವೆ ಬರುವಂತೆ ಹೊಂದಿಸಿ ಎಡ ನಟ್ ಬಿಗಿ ಮಾಡಿ, ಕೊನೆಗೆ ಎರಡನ್ನೂ ಪೂರ್ತಿ ಬಿಗಿ ಮಾಡಿ. ಬ್ರೇಕ್ ಮತ್ತೆ ಮುಚ್ಚಿ. ಎಲ್ಲ ಸರಿ ಮಾಡಿ ಬ್ರೇಕ್ ತೆರೆದೇ ಬಿಟ್ಟು ಹೊರಡುವುದು ಇಲ್ಲಿ ಸುಲಭವಾಗಿ ಆಗುವ ಮರೆವು.

ಜೋಡಿ ಕಾಗ್ ಇದ್ದರೆ ಚಕ್ರ ಬಿಚ್ಚಬೇಕಿಲ್ಲ. ನಟ್ ಸಡಿಲಿಸಿ, ಆಕ್ಸಲ್ ಸ್ವಲ್ಪ ಮುಂದೆ ತಳ್ಳಿ, ಚೈನನ್ನು ಮೊದಲು ಹಿಂದೆ, ಆಮೇಲೆ ಮುಂದೆ ಪಕ್ಕದ ಹಲ್ಲಿಗೆ ಇಡಿ. ಹೊರಗಿನದರಿಂದ ಒಳಗಿನದಕ್ಕೆ ಎರಡೂ ಕಡೆ ಹೋಗಿದೆಯೇ ನೋಡಿ. ಒಂದು ಕಡೆ ಮಾತ್ರ ಬದಲಿಸಿದರೆ ಚೈನ್ ಓರೆಯಾಗುತ್ತದೆ, ಬಿಗಿಯೂ ತಪ್ಪುತ್ತದೆ.

ಹೊರಡುವ ಮುಂಚೆ ಪೆಡಲನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಚೈನಿನ ಬಿಗಿ ಇನ್ನೊಮ್ಮೆ ನೋಡಿ, ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ ನೋಡಿ. ಬೆಟ್ಟದ ಮೇಲೆ ಹೋದ ಮೇಲೆ ದಣಿವಾಗಿದೆ ಅಂತ ಸಣ್ಣ ಗೇರ್‌ನಲ್ಲೇ ಇಳಿಯಬೇಡಿ. ನೀರು ಕುಡಿದು, ಕೂತು, ದೊಡ್ಡ ಗೇರಿಗೆ ಹಾಕಿಕೊಂಡೇ ಇಳಿಯಲು ಶುರು ಮಾಡಿ.